ಛಾಪಾ ಕಾಗದದ ಕರಾರು ಸಾಕೇ? ಅಪ್ರೆಂಟಿಸ್ ತೆಗೆದುಕೊಳ್ಳುವವರು ಮಾಡಬೇಕಾದ್ದು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಕಾಯಂ ನೌಕರರು 26 ಮಂದಿ, ಗುತ್ತಿಗೆದಾರರ ಕಡೆಯಿಂದ ಬರುವವರು 8 ಮಂದಿ. ಮೂರು ವಾರದ ಹಿಂದೆ ಮೂವರು ಹುಡುಗರನ್ನು ಅಪ್ರೆಂಟಿಸ್ ಎಂದು ತೆಗೆದುಕೊಂಡೆವು. ಒಬ್ಬ ಐಟಿಐ ಟರ್ನರ್ ಪಾಸಾದವನು, ಇನ್ನೊಬ್ಬ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು, ಮೂರನೆಯವನು ಎಸ್ಸೆಸ್ಸೆಲ್ಸಿ ಮುಗಿಸಿದ 17 ವರ್ಷದವನು. 100 ರೂಪಾಯಿ ಛಾಪಾ ಕಾಗದದಲ್ಲಿ ಎರಡು ವರ್ಷದ ಕರಾರು ಬರೆಸಿ ನೋಟರಿ ಮಾಡಿಸಿದ್ದೇವೆ. ನಡುವೆ ಬಿಟ್ಟುಹೋದರೆ 50,000 ರೂಪಾಯಿ ಕಟ್ಟಬೇಕು ಎಂಬ ಷರತ್ತೂ ಅದರಲ್ಲಿದೆ. ಇಷ್ಟು ಸಾಕಲ್ಲವೇ? ಇವರಿಗೆ ಪಿಎಫ್, ಇಎಸ್‌ಐ ಕಟ್ಟಬೇಕೇ? ಸ್ಟೈಪೆಂಡ್‌ನಲ್ಲಿ ಸರ್ಕಾರದ ಪಾಲು ಇರುತ್ತದಂತೆ, ಅದು ಸಿಗುವುದು ಹೇಗೆ?

ಉತ್ತರ: ಸಾಲದು. ನಿಮ್ಮ ಕೈಯಲ್ಲಿರುವ ಛಾಪಾ ಕಾಗದ ಈ ಮೂವರನ್ನು ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಮಾಡುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕರಾರು ಆಗಿ, ಅದು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾದರೆ ಮಾತ್ರ ಒಬ್ಬ ವ್ಯಕ್ತಿ ಅಪ್ರೆಂಟಿಸ್ ಆಗುತ್ತಾನೆ. ಅಲ್ಲಿಯವರೆಗೆ ಅವನು ಕಡಿಮೆ ಸಂಬಳಕ್ಕೆ ದುಡಿಯುತ್ತಿರುವ ಕೆಲಸಗಾರ, ಅಷ್ಟೆ. ಪಿಎಫ್, ಇಎಸ್‌ಐ, ಕನಿಷ್ಠ ವೇತನ ಎಲ್ಲವೂ ಅವನಿಗೆ ಅನ್ವಯಿಸುತ್ತವೆ. ಹಾಜರಿ ಪುಸ್ತಕದಲ್ಲಿ ‘ಟ್ರೈನಿ’ ಎಂದು ಬರೆದುಕೊಂಡರೂ ಇದು ಬದಲಾಗದು. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಕರಾರಿನ ನೋಂದಣಿ ಸಂಖ್ಯೆ.

ಕರಾರಿಗೆ ಹೋಗುವ ಮುನ್ನ ತಲೆ ಲೆಕ್ಕ ಸರಿಮಾಡಿಕೊಳ್ಳಿ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ಐಚ್ಛಿಕ. ‘ನಮ್ಮಲ್ಲಿರುವುದು 26 ಮಂದಿ, ಹಾಗಾಗಿ ನಮಗೆ ಕಡ್ಡಾಯವಿಲ್ಲ’ ಎಂದು ನೀವು ಅಂದುಕೊಂಡಿರಬಹುದು. ಆದರೆ ಗುತ್ತಿಗೆಯವರನ್ನೂ ಸೇರಿಸಿಯೇ ಎಣಿಸಬೇಕು. ಆಗ ನಿಮ್ಮದು 34 ಆಗುತ್ತದೆ, ಅಂದರೆ ಕಡ್ಡಾಯದ ಗುಂಪಿಗೆ ಸೇರಿದ್ದೀರಿ. ಒಟ್ಟು ಬಲದ ಶೇ 2.5ರಿಂದ ಶೇ 15ರವರೆಗೆ ತೆಗೆದುಕೊಳ್ಳಬಹುದು. 34ಕ್ಕೆ ಲೆಕ್ಕ ಹಾಕಿದರೆ 0.85ರಿಂದ 5.1, ಅಂದರೆ ಕನಿಷ್ಠ ಒಬ್ಬ, ಗರಿಷ್ಠ ಐವರು. ಮೂವರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಪೋರ್ಟಲ್‌ನಲ್ಲಿ ಸಂಸ್ಥೆಯ ಬಲ ತುಂಬುವಾಗ ಕಾಯಂ ನೌಕರರನ್ನಷ್ಟೇ ಬರೆದು, ಪಿಎಫ್ ದಾಖಲೆಯಲ್ಲಿ ಬೇರೆ ಸಂಖ್ಯೆ ಇಟ್ಟರೆ ಮುಂದೊಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಣೆ ಕೇಳುತ್ತಾರೆ.

ಮೂವರೂ ಒಂದೇ ದಾರಿಯಲ್ಲಿ ಬರುವುದಿಲ್ಲ ಎಂಬುದು ಮುಂದಿನ ವಿಷಯ. ಐಟಿಐ ಹುಡುಗ ಮತ್ತು ಎಸ್ಸೆಸ್ಸೆಲ್ಸಿ ಹುಡುಗ ಕೌಶಲ ಅಭಿವೃದ್ಧಿ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ಗೆ ಬರುತ್ತಾರೆ. ಅಲ್ಲಿ ನಡೆಯುವ ಪ್ರೋತ್ಸಾಹ ಯೋಜನೆಯ ಹೆಸರು ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ), 2016ರಲ್ಲಿ ಆರಂಭವಾದದ್ದು. ಡಿಪ್ಲೊಮಾ ಹುಡುಗನಿಗೆ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್ ಇದೆ. ಕರ್ನಾಟಕಕ್ಕೆ ಅದನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಎರಡೂ ಕಡೆ ಸಂಸ್ಥೆಯನ್ನು ಬೇರೆಬೇರೆಯಾಗಿ ನೋಂದಾಯಿಸಬೇಕು. ಒಬ್ಬನೇ ಹುಡುಗನನ್ನು ಎರಡೂ ಕಡೆ ಹಾಕಿ ಎರಡು ಸಹಾಯಧನ ಪಡೆಯುವ ಸಲಹೆ ಕೊಡುವ ಏಜೆಂಟರಿದ್ದಾರೆ, ಅವರ ಮಾತು ಕೇಳಬೇಡಿ. ಆಧಾರ್ ಒಂದೇ ಆಗಿರುವುದರಿಂದ ಸಿಕ್ಕಿಬೀಳುವುದು ಖಚಿತ.

ನಿಮ್ಮ ವ್ಯವಹಾರ ಒಂದೇ ರಾಜ್ಯದಲ್ಲಿರುವುದರಿಂದ ನ್ಯಾಪ್ಸ್ ಕಡೆಯ ವಿಷಯಗಳಿಗೆ ರಾಜ್ಯದ ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ವ್ಯಾಪ್ತಿಗೆ ಬರುತ್ತೀರಿ, ಅಂದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಶಾಖೆ ಇರುವ ಕಂಪನಿಗಳಿಗೆ ಮಾತ್ರ ಕೇಂದ್ರ ಸರ್ಕಾರದ ವ್ಯಾಪ್ತಿ. ನೋಂದಣಿಯಲ್ಲಿ ಇದನ್ನು ತಪ್ಪಾಗಿ ಆರಿಸಿದರೆ ನಿಮ್ಮ ಕರಾರು ಸಂಬಂಧವಿಲ್ಲದ ಅಧಿಕಾರಿಯ ಲಾಗಿನ್‌ನಲ್ಲಿ ಕೊಳೆಯುತ್ತಿರುತ್ತದೆ.

ಇನ್ನು ಕರಾರು. ನ್ಯಾಪ್ಸ್ ಪೋರ್ಟಲ್‌ನಲ್ಲಿ ಮೊದಲು ಸಂಸ್ಥೆಯ ನೋಂದಣಿ, ಆಮೇಲೆ ಯಾವ ಟ್ರೇಡ್‌ಗೆ (ಕಸುಬಿಗೆ) ಎಷ್ಟು ಜನ ಬೇಕು, ಯಾವ ವಿಳಾಸದಲ್ಲಿ ತರಬೇತಿ, ಎಷ್ಟು ಸ್ಟೈಪೆಂಡ್ ಎಂದು ಅವಕಾಶ ಪ್ರಕಟಿಸುವುದು. ಹುಡುಗ ತನ್ನದೇ ಮೊಬೈಲ್ ಮತ್ತು ಆಧಾರ್‌ನಿಂದ ಅಭ್ಯರ್ಥಿಯಾಗಿ ನೋಂದಾಯಿಸಿಕೊಂಡು ಅರ್ಜಿ ಹಾಕುತ್ತಾನೆ. ನೀವು ಆಫರ್ ಕಳಿಸುತ್ತೀರಿ, ಅವನು ಒಪ್ಪುತ್ತಾನೆ, ಕರಾರು ತಯಾರಾಗುತ್ತದೆ, ಇಬ್ಬರೂ ಅದನ್ನು ಒಪ್ಪಿಕೊಳ್ಳುತ್ತೀರಿ, ಕೊನೆಗೆ ಪರಿಶೀಲನೆಗೆ ಹೋಗುತ್ತದೆ. ಕಾಯ್ದೆಯ 4ನೇ ಕಲಮಿನ ಪ್ರಕಾರ ಕರಾರಿನ ವಿವರವನ್ನು 7 ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು. ಆಕ್ಷೇಪವಿದ್ದರೆ ಸಲಹೆಗಾರರು 15 ದಿನದಲ್ಲಿ ತಿಳಿಸಬೇಕು, 30 ದಿನದಲ್ಲಿ ನೋಂದಾಯಿಸಬೇಕು. ಆಕ್ಷೇಪ ಬಂದದ್ದನ್ನು ಯಾರೂ ಬಂದು ಹೇಳುವುದಿಲ್ಲ. ನಿಮ್ಮ ಲಾಗಿನ್‌ನಲ್ಲಿ ಮತ್ತು ನೋಂದಾಯಿತ ಇಮೇಲ್‌ನಲ್ಲಿ ಅದು ಕಾದಿರುತ್ತದೆ. ಆ ಇಮೇಲ್ ನಿಮ್ಮ ಆಡಿಟರ್ ಕಚೇರಿಯದ್ದಾಗಿದ್ದರೆ ತಿಂಗಳುಗಟ್ಟಲೆ ಗೊತ್ತೇ ಆಗದೆ ಹೋಗಬಹುದು, ಆದ್ದರಿಂದ ಸಂಸ್ಥೆಯದೇ ಇಮೇಲ್ ಕೊಡಿ.

ಕರಾರು ನಿಂತುಹೋಗುವುದು ಹೆಚ್ಚಾಗಿ ಕಾನೂನಿನ ತೊಡಕಿನಿಂದಲ್ಲ, ಚಿಕ್ಕಪುಟ್ಟ ತಾಳೆಯಾಗದ ವಿವರಗಳಿಂದ. ಮಾರ್ಕ್ಸ್ ಕಾರ್ಡ್‌ನಲ್ಲಿ ‘ಮಂಜುನಾಥ ಬಿ.’ ಎಂದಿರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಸೇರಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೆಯ ರೂಪ. ಆಧಾರ್‌ನಲ್ಲಿರುವ ಹೆಸರು, ಜನ್ಮದಿನಾಂಕವನ್ನೇ ಆಧಾರವಾಗಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡ್‌ಗೂ ಅದಕ್ಕೂ ಜನ್ಮದಿನಾಂಕವೇ ಬೇರೆಯಾಗಿದ್ದರೆ ಮೊದಲು ಆಧಾರ್ ತಿದ್ದಿಸಿ, ನಂತರ ನೋಂದಣಿ ಮಾಡಿಸಿ. ಕರಾರು ಆದ ಮೇಲೆ ತಿದ್ದಲು ಹೊರಟರೆ ಸರ್ಟಿಫಿಕೇಟ್ ಬರುವವರೆಗೂ ಅದೇ ಕಿರಿಕಿರಿ. ಇನ್ನೊಂದು ಸಾಮಾನ್ಯ ಎಡವಟ್ಟು ಮೊಬೈಲ್ ನಂಬರಿನದು. ಹುಡುಗ ಸೈಬರ್ ಸೆಂಟರ್‌ನಲ್ಲಿ ನೋಂದಾಯಿಸಿಕೊಂಡಿರುತ್ತಾನೆ, ಅಂಗಡಿಯವನು ತನ್ನ ನಂಬರ್ ಕೊಟ್ಟಿರುತ್ತಾನೆ. ಆಫರ್ ಒಪ್ಪಲು ಒಟಿಪಿ ಬೇಕಾದಾಗ ಅದು ಅಂಗಡಿಗೆ ಹೋಗುತ್ತದೆ. ನೀವು ಕಳಿಸಿದ್ದೀರಿ, ಅವನು ಒಪ್ಪಿಲ್ಲ, ಕರಾರು ಅರ್ಧಕ್ಕೆ ನಿಂತಿದೆ, ಇಬ್ಬರೂ ಆಯಿತೆಂದುಕೊಂಡಿದ್ದೀರಿ. ನೋಂದಣಿ ಸಂಖ್ಯೆ ಕಣ್ಣಿಗೆ ಬೀಳುವ ತನಕ ಕರಾರು ಆಗಿಲ್ಲ ಎಂದೇ ತಿಳಿಯಿರಿ.

ತರಬೇತಿಯ ವಿಳಾಸದಲ್ಲೂ ಎಚ್ಚರ. ಜಿಎಸ್‌ಟಿ ನೋಂದಣಿ ಮನೆ ವಿಳಾಸದಲ್ಲಿ, ಶಾಪ್ ಕೈಗಾರಿಕಾ ಪ್ರದೇಶದಲ್ಲಿ ಇದ್ದರೆ ಕರಾರಿನಲ್ಲಿ ಬರಬೇಕಾದದ್ದು ಹುಡುಗ ನಿಜವಾಗಿ ಯಂತ್ರದ ಮುಂದೆ ನಿಲ್ಲುವ ಜಾಗ. ಅಪಘಾತವಾದಾಗ ವಿಮೆಯವರು ನೋಡುವುದೂ ಅದನ್ನೇ.

ಟ್ರೇಡ್ ಆರಿಸುವಾಗ ಐಟಿಐ ಹುಡುಗನ ಮಟ್ಟಿಗೆ ಗೊಂದಲವಿಲ್ಲ. ಟರ್ನರ್ ನಿಗದಿತ ಟ್ರೇಡ್‌ಗಳಲ್ಲೊಂದು (ಅಂದರೆ ಸರ್ಕಾರವೇ ಗೊತ್ತುಮಾಡಿದ ಕಸುಬು), ಐಟಿಐ ಪಾಸಾಗಿರುವುದರಿಂದ ಮೂಲ ತರಬೇತಿ ಬೇಕಿಲ್ಲ, ನೇರವಾಗಿ ಶಾಪ್‌ನಲ್ಲಿ ಪ್ರಾಯೋಗಿಕ ತರಬೇತಿ. ಎಸ್ಸೆಸ್ಸೆಲ್ಸಿ ಹುಡುಗನದೇ ಯೋಚಿಸಬೇಕಾದ ಪ್ರಕರಣ. ಅವನನ್ನು ಟರ್ನರ್‌ಗೆ ಹಾಕಿದರೆ ಮೊದಲು ಮೂಲ ತರಬೇತಿ ಆಗಲೇಬೇಕು, ಅದಕ್ಕೆ ಐಟಿಐಯಂಥ ಮೂಲ ತರಬೇತಿ ಕೇಂದ್ರ ಗೊತ್ತುಮಾಡಬೇಕು, ಒಟ್ಟು ಅವಧಿಯೂ ಉದ್ದ. ಐಚ್ಛಿಕ ಟ್ರೇಡ್‌ಗಳು ಎಂಬ ಇನ್ನೊಂದು ವರ್ಗವಿದೆ. ಅವುಗಳ ಅವಧಿ 6ರಿಂದ 36 ತಿಂಗಳು, ಕ್ಯಾಪಿಟಲ್ ಗೂಡ್ಸ್‌ (ಯಂತ್ರೋಪಕರಣ) ವಲಯದಂಥ ವಲಯ ಕೌಶಲ ಮಂಡಳಿಗಳು ಇದರಲ್ಲಿ ಪಠ್ಯ ಮತ್ತು ಮೌಲ್ಯಮಾಪನ ನೋಡಿಕೊಳ್ಳುತ್ತವೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಟರ್ನಿಂಗ್ ಆಪರೇಟರ್‌ನಂಥ ಕೋರ್ಸ್ ನಿಮ್ಮ ಶಾಪ್‌ಗೆ ಹೊಂದೀತು. ನಿಮ್ಮಲ್ಲಿ ನಿಜವಾಗಿ ಇರುವ ಯಂತ್ರಗಳಿಗೆ ಹೊಂದುವುದನ್ನು ಆರಿಸಿ. ಬರೀ ಸಿಎನ್‌ಸಿ ಇಟ್ಟುಕೊಂಡು ಸಾಂಪ್ರದಾಯಿಕ ಲೇತ್ ಪಠ್ಯದ ಟ್ರೇಡ್ ಬರೆದರೆ ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಹುಡುಗ ಕೈಕಟ್ಟಿ ನಿಲ್ಲುತ್ತಾನೆ. ಕೋರ್ಸ್ ಪುಟದಲ್ಲಿ ಕನಿಷ್ಠ ವಿದ್ಯಾರ್ಹತೆ, ವಯಸ್ಸು, ಅವಧಿ ಕೊಟ್ಟಿರುತ್ತಾರೆ. ಕರಾರಿನ ಅವಧಿಯನ್ನು ಅದಕ್ಕೆ ಸರಿಯಾಗಿ ಇಡಬೇಕೇ ಹೊರತು ನಿಮ್ಮ ಇಷ್ಟದ ‘ಎರಡು ವರ್ಷ’ ಅಲ್ಲಿ ನಡೆಯುವುದಿಲ್ಲ. ಡಿಪ್ಲೊಮಾದವನಿಗೆ ನ್ಯಾಟ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ.

ಎಸ್ಸೆಸ್ಸೆಲ್ಸಿ ಹುಡುಗನ 17 ವರ್ಷ ತೊಡಕಲ್ಲ. ಕಾಯ್ದೆಯಲ್ಲಿ ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ದಿಮೆಗಳಿಗೆ ಸಂಬಂಧಿಸಿದ ನಿಗದಿತ ಟ್ರೇಡ್‌ಗಳಿಗೆ ಮಾತ್ರ 18. ಆದರೆ ಅಪ್ರಾಪ್ತನ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಕರಾರು ಮಾಡಿಕೊಳ್ಳುವವರು ಅವನ ತಂದೆ, ತಾಯಿ ಅಥವಾ ಪೋಷಕರು. ನಿಮ್ಮ ಛಾಪಾ ಕಾಗದದಲ್ಲಿ ಅವನೇ ಸಹಿ ಹಾಕಿದ್ದರೆ ಆ ಕಾಗದಕ್ಕೆ ಇನ್ನೊಂದು ದೋಷ ಸೇರಿತು. ಯಂತ್ರದ ಮುಂದೆಯೂ ವ್ಯತ್ಯಾಸವಿದೆ. ಪವರ್ ಪ್ರೆಸ್, ಮಿಲ್ಲಿಂಗ್ ಮಷಿನ್‌ಗಳಂಥ ಅಪಾಯದ ಯಂತ್ರಗಳಲ್ಲಿ 18 ತುಂಬದವರು ಕೆಲಸ ಮಾಡಬೇಕಾದರೆ ಅಪಾಯವೇನೆಂಬುದನ್ನು ಪೂರ್ತಿ ತಿಳಿಸಿರಬೇಕು, ಜೊತೆಗೆ ಸಾಕಷ್ಟು ತರಬೇತಿ ಪಡೆದಿರಬೇಕು ಅಥವಾ ಬಲ್ಲವರ ಮೇಲ್ವಿಚಾರಣೆಯಲ್ಲಿರಬೇಕು. ಯಾರು ಕಲಿಸಿದರು, ಯಾವ ದಿನ ಎಂದು ಬರೆದು ಸಹಿ ಹಾಕಿಸಿ ಇಡಿ. ಅಪ್ರೆಂಟಿಸ್ ಕಾರ್ಮಿಕನಲ್ಲ ಎಂದು ಕಾಯ್ದೆ ಹೇಳಿದರೂ ಆರೋಗ್ಯ, ಸುರಕ್ಷತೆಯ ವಿಷಯದಲ್ಲಿ ಕಾರ್ಖಾನೆಯ ನಿಯಮಗಳು ಅವನಿಗೂ ಕಾರ್ಮಿಕನಿಗೆ ಅನ್ವಯಿಸಿದಂತೆಯೇ ಅನ್ವಯಿಸುತ್ತವೆ.

ಸ್ಟೈಪೆಂಡ್‌ಗೆ ಬರೋಣ. 2019ರ ನಿಯಮದ ಕನಿಷ್ಠ ದರಗಳು ತಿಂಗಳಿಗೆ ಹೀಗಿವೆ: 5ರಿಂದ 9ನೇ ತರಗತಿವರೆಗೆ ಓದಿದವರಿಗೆ 5,000 ರೂ., 10ನೇ ತರಗತಿಗೆ 6,000, ಪಿಯುಸಿ ಮತ್ತು ಐಟಿಐ ಸರ್ಟಿಫಿಕೇಟ್ ಇರುವವರಿಗೆ 7,000, ಡಿಪ್ಲೊಮಾಕ್ಕೆ 8,000, ಪದವೀಧರರಿಗೆ 9,000. ಎರಡನೇ ವರ್ಷದಲ್ಲಿ ಕನಿಷ್ಠ ಮೊತ್ತ ಶೇ 10 ಏರುತ್ತದೆ, ಅಂದರೆ 6,000 ಇದ್ದದ್ದು 6,600. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರಗಳನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿದೆ. ಆದ್ದರಿಂದ ಕರಾರು ಮಾಡುವ ದಿನ ಪೋರ್ಟಲ್ ತೋರಿಸುವ ದರವನ್ನೇ ನೋಡಿ ಹಾಕಿ. ‘ಹಳೆಯ ಕರಾರಿಗೆ ಹಳೆಯ ದರ’ ಎಂಬ ವಾದವೂ ನಿಲ್ಲದು. ನಿಯಮ ಬದಲಾದಾಗ ಚಾಲ್ತಿಯಲ್ಲಿರುವ ಕರಾರುಗಳೂ ತಾವಾಗಿಯೇ ಅದರಂತೆ ಬದಲಾದವೆಂದು 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ಹೊಸ ಸಹಿ ಬೇಕಿಲ್ಲ, ಹಣ ಮಾತ್ರ ಹೆಚ್ಚು ಕೊಡಬೇಕು.

ಪ್ರತಿ ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ರೊಳಗೆ ಕೊಡಬೇಕು, ಅದೂ ಬ್ಯಾಂಕ್ ಮೂಲಕ. ನಗದು ಕೊಟ್ಟು ವೋಚರ್ ಇಟ್ಟುಕೊಂಡರೆ ಸರ್ಕಾರದ ಪಾಲಿಗೆ ದಾಖಲೆಯಾಗದು. ಪೀಸ್ ಲೆಕ್ಕದಲ್ಲಿ ಕೊಡುವಂತಿಲ್ಲ, ಉತ್ಪಾದನಾ ಬೋನಸ್ ಯೋಜನೆಗೆ ಅವನನ್ನು ಸೇರಿಸುವಂತಿಲ್ಲ. ಈ ಎರಡನ್ನೂ ಕಾಯ್ದೆ ನೇರವಾಗಿ ನಿಷೇಧಿಸಿದೆ. ಆರ್ಡರ್ ಜೋರಿದ್ದಾಗ ಓವರ್‌ಟೈಮ್ ಹಾಕಿಸುವುದಕ್ಕೂ ಸಲಹೆಗಾರರ ಅನುಮತಿ ಬೇಕು. ಅದು ಸಿಗುವುದು ತರಬೇತಿಯ ಅಥವಾ ಸಾರ್ವಜನಿಕ ಹಿತಕ್ಕಾಗಿ ಮಾತ್ರ, ನಿಮ್ಮ ಡೆಲಿವರಿ ದಿನಾಂಕಕ್ಕಾಗಿ ಅಲ್ಲ.

ಸರ್ಕಾರದ ಪಾಲು ನ್ಯಾಪ್ಸ್‌ನಲ್ಲಿ ಸ್ಟೈಪೆಂಡ್‌ನ ಶೇ 25, ಆದರೆ ತಿಂಗಳಿಗೆ 1,500 ರೂ. ಮೀರದು. 7,000ದ ಶೇ 25 ಎಂದರೆ 1,750 ಆದರೂ ಬರುವುದು 1,500. 6,000ಕ್ಕೂ ಅಷ್ಟೇ. ನ್ಯಾಟ್ಸ್‌ನಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧ, ಡಿಪ್ಲೊಮಾದವನ 8,000ಕ್ಕೆ 4,000. ಹಿಂದೆ ನ್ಯಾಪ್ಸ್‌ನಲ್ಲಿ ನೀವು ಪೂರ್ತಿ ಕೊಟ್ಟು ಆಮೇಲೆ ಮರುಪಾವತಿ ಕೇಳಬೇಕಿತ್ತು. 2023ರಿಂದ ಸರ್ಕಾರದ ಪಾಲು ನೇರ ಹುಡುಗನ ಖಾತೆಗೆ ಹೋಗುತ್ತಿದೆ. ನೀವು ನಿಮ್ಮ ಪಾಲು ಹಾಕಿ, ಹಾಜರಿ ಮತ್ತು ಪಾವತಿ ವಿವರವನ್ನು ಪೋರ್ಟಲ್‌ನಲ್ಲಿ ತುಂಬಿದ ಮೇಲೆಯೇ ಅದು ಬಿಡುಗಡೆಯಾಗುತ್ತದೆ. ಇಲ್ಲಿ ಕೈಕೊಡುವುದು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದರಷ್ಟೇ ಸಾಲದು, ಸರ್ಕಾರದ ಹಣ ಬರುವ ಖಾತೆಯಾಗಿ ಅದೇ ಖಾತೆ ಜೋಡಣೆಯಾಗಿರಬೇಕು. ಹುಡುಗನ ಹಳೆಯ ವಿದ್ಯಾರ್ಥಿವೇತನದ ಖಾತೆ ಇನ್ನೂ ಜೋಡಣೆಯಲ್ಲಿದ್ದರೆ ಹಣ ಅಲ್ಲಿಗೆ ಹೋಗಿ ಕೂರುತ್ತದೆ, ಆ ಖಾತೆ ನಿಷ್ಕ್ರಿಯವಾಗಿದ್ದರೆ ವಾಪಸಾಗುತ್ತದೆ. ಆಗ ಹುಡುಗನ ಪ್ರಕಾರ ತಪ್ಪು ನಿಮ್ಮದೇ. ಕರಾರಿಗೆ ಮುಂಚೆಯೇ ಅವನನ್ನು ಬ್ಯಾಂಕ್ ಶಾಖೆಗೆ ಕಳಿಸಿ ಆಧಾರ್ ಸೀಡಿಂಗ್ ಯಾವ ಖಾತೆಗಿದೆ ಎಂದು ಕೇಳಿಸಿಬಿಡಿ.

ಪಿಎಫ್, ಇಎಸ್‌ಐ ಬಗ್ಗೆ: ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದವರಿಗೆ ಎರಡೂ ಇಲ್ಲ. ಕೇಳಲು ಹಿತವಾದ ಮಾತು, ಆದರೆ ಇದರ ಇನ್ನೊಂದು ಮುಖವನ್ನು ಬಹಳ ಮಂದಿ ನೋಡುವುದಿಲ್ಲ. ಇಎಸ್‌ಐ ಇಲ್ಲವೆಂದರೆ ಕೈಬೆರಳು ಚಕ್‌ಗೆ ಸಿಕ್ಕಿದ ದಿನ ಇಎಸ್‌ಐ ಆಸ್ಪತ್ರೆಯೂ ಇಲ್ಲ. ಅಪ್ರೆಂಟಿಸ್‌ಗೆ ತರಬೇತಿಯ ಸಮಯದಲ್ಲಿ ಗಾಯವಾದರೆ ನೌಕರರ ಪರಿಹಾರದ ಕಾನೂನಿನಂತೆ ಪರಿಹಾರ ಕೊಡುವ ಹೊಣೆ ಮಾಲೀಕರದೆಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಪರಿಹಾರದ ಲೆಕ್ಕ ವಯಸ್ಸಿನ ಮೇಲೆ ನಿಂತಿದೆ, ವಯಸ್ಸು ಕಡಿಮೆಯಾದಷ್ಟೂ ಮೊತ್ತ ದೊಡ್ಡದು. ಸಾಮಾನ್ಯ ವಿಮಾ ಕಂಪನಿಯಿಂದ ನೌಕರರ ಪರಿಹಾರ ಪಾಲಿಸಿ ತೆಗೆದುಕೊಂಡು ಅದರಲ್ಲಿ ಅಪ್ರೆಂಟಿಸ್‌ಗಳನ್ನು ಹೆಸರಿಸಿ ಸೇರಿಸಿ. ‘ಎಲ್ಲ ಕೆಲಸಗಾರರು’ ಎಂದಷ್ಟೇ ಬರೆದ ಪಾಲಿಸಿಯಲ್ಲಿ ಅಪ್ರೆಂಟಿಸ್ ಕೆಲಸಗಾರನಲ್ಲ ಎಂಬ ತಕರಾರು ಏಳಬಹುದು. ಮೂವರ ಪ್ರೀಮಿಯಂ ನಿಮಗೆ ಹೊರೆಯಾಗದು.

50,000 ರೂಪಾಯಿಯ ಷರತ್ತನ್ನು ಮರೆತುಬಿಡಿ. ಕರಾರಿನಲ್ಲಿ ನಿಮ್ಮ ಷರತ್ತು ಹಾಕಿಕೊಳ್ಳಲು ಅವಕಾಶವಿದೆ, ಆದರೆ ಅವು ಕಾಯ್ದೆಗೆ ವಿರುದ್ಧವಾಗಿರುವಂತಿಲ್ಲ. ನಡುವೆ ಮುರಿದರೆ ಎಷ್ಟು ಎಂಬುದನ್ನು ನಿಯಮಗಳೇ ಗೊತ್ತುಮಾಡಿವೆ: ತಪ್ಪು ನಿಮ್ಮದಾದರೆ ಕೊನೆಯ ದರದ ಮೂರು ತಿಂಗಳ ಸ್ಟೈಪೆಂಡ್ ಅವನಿಗೆ ನೀವು ಕೊಡಬೇಕು, ತಪ್ಪು ಅವನದಾದರೆ ಅಷ್ಟೇ ಮೊತ್ತವನ್ನು ತರಬೇತಿ ವೆಚ್ಚವಾಗಿ ಅವನಿಂದ ಅಥವಾ ಪೋಷಕರಿಂದ ವಸೂಲಿ ಮಾಡಬಹುದು. 7,000 ಪಡೆಯುವವನಿಗೆ ಅದು 21,000. ಮೂಲ ಅಂಕಪಟ್ಟಿಗಳನ್ನು ‘ಭದ್ರತೆಗಾಗಿ’ ಇಟ್ಟುಕೊಂಡಿದ್ದರೆ ಇವತ್ತೇ ಹಿಂದಿರುಗಿಸಿ, ಪ್ರತಿ ಮಾತ್ರ ಸಾಕು. ತರಬೇತಿ ಮುಗಿದ ಮೇಲೆ ಇಂತಿಷ್ಟು ಕಾಲ ನಿಮ್ಮಲ್ಲೇ ದುಡಿಯಬೇಕು ಎಂಬ ಷರತ್ತು ಹಾಕಲು 22ನೇ ಕಲಮು ಬಿಡುತ್ತದೆ, ಆದರೆ ಅದು ಎರಡೂ ಕಡೆ ಕಟ್ಟುವ ಹಗ್ಗ. ಹಾಗೆ ಬರೆದರೆ ನೀವು ಅವನಿಗೆ ಸೂಕ್ತ ಕೆಲಸ ಕೊಡಲೇಬೇಕು, ಸಂಬಳವೋ ಅವಧಿಯೋ ಸಮಂಜಸವಲ್ಲವೆನಿಸಿದರೆ ಸಲಹೆಗಾರರು ಅದನ್ನು ಬದಲಿಸಬಹುದು. ಮುಂದಿನ ವರ್ಷ ಹುದ್ದೆ ಖಾಲಿಯಾಗುವುದು ಖಾತ್ರಿಯಿಲ್ಲದ 34 ಜನರ ಶಾಪ್‌ಗೆ ಈ ಷರತ್ತು ಬೇಡ ಎಂಬುದು ನನ್ನ ಅಭಿಪ್ರಾಯ. ಹುಡುಗ ಉಳಿಯುವುದು ಕೆಲಸ ಮತ್ತು ಸಂಬಳ ನೋಡಿ.

ಕಳೆದುಹೋದ ಮೂರು ವಾರಗಳಿಗೆ ಹಿಂದಿನ ದಿನಾಂಕ ಹಾಕುವ ಯೋಚನೆ ಬೇಡ. ಕರಾರಾದ ದಿನದಿಂದಲೇ ತರಬೇತಿ ಶುರುವಾಯಿತೆಂದು ಕಾಯ್ದೆ ಪರಿಗಣಿಸುತ್ತದೆ. ಆ ಮೂರು ವಾರಗಳನ್ನು ಕೆಲಸದ ದಿನಗಳೆಂದು ಒಪ್ಪಿ, ಅವರವರ ವರ್ಗದ ಕನಿಷ್ಠ ವೇತನ ಲೆಕ್ಕಹಾಕಿ ಕೊಡಿ, ಪಿಎಫ್ ಮತ್ತು ಇಎಸ್‌ಐ ಕಟ್ಟಿಬಿಡಿ. ಮೊತ್ತ ಸಣ್ಣದು. ಈಗಲೇ ಮಾಡಿದರೆ ಬಾಕಿಯ ಮೇಲಿನ ಬಡ್ಡಿ, ದಂಡ ಬೆಳೆಯುವುದಿಲ್ಲ. ಛಾಪಾ ಕಾಗದದ ಕರಾರನ್ನು ಎರಡೂ ಕಡೆಯವರು ಸಹಿ ಮಾಡಿ ರದ್ದುಪಡಿಸಿ. ಹೊಸ ಕರಾರಿಗೆ ಮುಂದಿನ ದಿನಾಂಕವೊಂದನ್ನು ಇಡಿ, ದಾಖಲೆಗಳ ತಿದ್ದುಪಡಿಗೆ ಬೇಕಾದ ಸಮಯ ಬಿಟ್ಟು. ಅವರಲ್ಲಿ ಯಾರಾದರೂ ಬೇರೆ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿದ್ದರೇ ಎಂದೂ ಕೇಳಿ. ಹಳೆಯ ಕರಾರು ಪೋರ್ಟಲ್‌ನಲ್ಲಿ ಇನ್ನೂ ತೆರೆದಿದ್ದರೆ ನಿಮ್ಮದು ಮುಂದೆ ಹೋಗದು.

ಕರಾರು ನೋಂದಣಿಯಾದ ಮೇಲಿನ ಕೆಲಸವೆಂದರೆ ದಾಖಲೆ ಇಡುವುದು. ಹಾಜರಿ, ಯಾವ ವಾರ ಯಾವ ಯಂತ್ರದಲ್ಲಿ ಏನು ಕಲಿತ ಎಂಬ ದಿನಚರಿ, ಮೇಲ್ವಿಚಾರಕರ ಸಹಿ. ವರ್ಷವಿಡೀ ಗೋಡೌನ್‌ನಲ್ಲಿ ಸಾಮಾನು ಎತ್ತಿಸಿ ಪರೀಕ್ಷೆಯ ಹಿಂದಿನ ವಾರ ದಿನಚರಿ ತುಂಬಿದರೆ ಕಾಗದವೇ ಬಾಯಿಬಿಡುತ್ತದೆ: ಒಂದೇ ಇಂಕು, ಒಂದೇ ಕೈಬರಹ. ತಕರಾರು ಬಂದರೆ ಮೊದಲು ತೀರ್ಮಾನಿಸುವವರು ಸಲಹೆಗಾರರು. ಅವರ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ. ಆಗ ನಿಮ್ಮ ಪರವಾಗಿ ಮಾತಾಡುವುದು ಈ ದಿನಚರಿಯೇ.

ಹುಡುಗ ನಡುವೆ ಬರುವುದನ್ನು ನಿಲ್ಲಿಸಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಸುಮ್ಮನಾಗಬೇಡಿ. ಲಿಖಿತ ನೋಟಿಸ್ ಕಳಿಸಿ, ಕರಾರು ಕೊನೆಗೊಳಿಸಲು ಸಲಹೆಗಾರರಿಗೆ ಅರ್ಜಿ ಹಾಕಿ, ಪೋರ್ಟಲ್‌ನಲ್ಲಿ ಅದು ಮುಚ್ಚುವವರೆಗೆ ಬೆನ್ನುಹತ್ತಿ. ಕರಾರು ನಡೆಸಿಕೊಡಲು ನಿಮ್ಮಿಂದಲೇ ಆಗದೆ ಅವನು ಬೇರೆ ಮಾಲೀಕರಲ್ಲಿ ಮುಂದುವರಿಯುವುದಾದರೆ 5ನೇ ಕಲಮಿನ ಪ್ರಕಾರ ಅದೇ ಕರಾರನ್ನು ಅವರ ಹೆಸರಿಗೆ ವರ್ಗಾಯಿಸಲು ಬರುತ್ತದೆ, ಅದಕ್ಕೆ ಮೂರೂ ಕಡೆಯವರ ಒಪ್ಪಿಗೆ, ಸಲಹೆಗಾರರ ಅನುಮತಿ ಮತ್ತು ನೋಂದಣಿ ಬೇಕು. ಈ ಎರಡರಲ್ಲಿ ಒಂದೂ ಆಗದಿದ್ದರೆ ಅವನು ನಿಮ್ಮ ಲೆಕ್ಕದಲ್ಲೇ ಅಪ್ರೆಂಟಿಸ್ ಆಗಿ ಉಳಿದು, ನಿಮ್ಮ ಐವರ ಮಿತಿಯಲ್ಲಿ ಒಂದು ಜಾಗ ತುಂಬಿಕೊಂಡೇ ಇರುತ್ತಾನೆ.